ಕೂಗುವ ಹೇಂಟೆ

ಹೊಳೆಯ ದಂಡೆಯಲ್ಲಿ ಚೆನ್ನಬಸವ್ವನ ಆಶ್ರಮ. ಆಶ್ರಮವೆಂದರೆ ಒಂದು ಗುಡಿಸಲು, ಒಂದು ಬೇವಿನ ಮರ, ಮರದ ಬುಡಕ್ಕೆ ಒಂದು ಕಟ್ಟೆ. ಸುತ್ತಲಿನ ಊರುಗಳಿಗೆಲ್ಲ ಆಕೆ ಅವ್ವ. ಜೊತೆಯಲ್ಲಿದ್ದವರು ಇಬ್ಬರೇ: ಶಿಷ್ಯ ಕೊಟ್ರಯ್ಯ, ಮತ್ತೆ ಕೆಂಚಿ ಎಂಬ ಹೇಂಟೆ.

ಕೆಂಚಿಯ ರೀತಿಯೇ ಬೇರೆ. ನೆಲಕ್ಕೆ ಚೆಲ್ಲಿದ ಕಾಳನ್ನು ಅದು ಮುಟ್ಟುತ್ತಿರಲಿಲ್ಲ. ಅವ್ವನ ಅಂಗೈಯೇ ಆಗಬೇಕು. ಅವ್ವ ಧ್ಯಾನಕ್ಕೆ ಕೂತರೆ ಮಡಿಲೇರಿ ತಾನೂ ಕಣ್ಣು ಮುಚ್ಚುತ್ತಿತ್ತು. ಪಾಠದ ನಡುವೆ ಕೊಟ್ರಯ್ಯ ತೂಕಡಿಸಿದರೆ ಬಂದು ಕಾಲ್ಬೆರಳು ಕುಕ್ಕುತ್ತಿತ್ತು.

"ನಿನಗೆ ಇಬ್ಬರು ಗುರುಗಳು ನೋಡು," ಎಂದು ಅವ್ವ ನಗುತ್ತಿದ್ದಳು.

ಒಂದು ಬೆಳಗಿನ ಜಾವ ಕೆಂಚಿ ಕಟ್ಟೆ ಹತ್ತಿ, ಕತ್ತು ಚಾಚಿ, ಹುಂಜದ ಹಾಗೆ ಕೂಗಿತು.

ಹೊಳೆಯಿಂದ ನೀರು ತರುತ್ತಿದ್ದ ಕೊಟ್ರಯ್ಯ ನಿಂತಲ್ಲೇ ನಿಂತ. ಕೊಡದ ನೀರು ತುಳುಕಿ ಹೆಗಲು ನೆನೆಯಿತು.

"ಅವ್ವಾ, ಕೇಳಿದಿರಾ? ಹೇಂಟೆ ಕೂಗಿತು!"

"ಕೇಳಿದೆ. ಕೊನೆಗೆ ದನಿ ಸ್ವಲ್ಪ ಒಡೀತು. ರೂಢಿಯಾದರೆ ಸರಿಹೋಗ್ತದೆ."

ರೂಢಿಯಾಯಿತು. ದಿನವೂ ಬೆಳಕು ಹರಿಯುವ ಮುಂಚೆ ಕೆಂಚಿ ಕೂಗತೊಡಗಿತು. ಅವ್ವನನ್ನು ಕಾಣಲು ಬಂದ ಊರವರ ಮುಖ ಸಣ್ಣಗಾಯಿತು. ಅವರು ಕೊಟ್ರಯ್ಯನನ್ನು ಪಕ್ಕಕ್ಕೆ ಕರೆದರು. ಹೇಂಟೆ ಹೀಗೆ ಕೂಗುವುದು ಅಪಶಕುನ, ಅಂಥ ಕಡೆ ಹಿರಿಯರು ಉಳಿಯುವುದಿಲ್ಲ, ಇವತ್ತೇ ಅದರ ಕತ್ತು ಮುರಿಯಿರಿ ಎಂದರು.

ಕೊಟ್ರಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಜಪಕ್ಕೆ ಕೂತವನು ನಡುವೆ ಎದ್ದು ಬರುವನು. ಸೌದೆ ಒಡೆಯುತ್ತಿದ್ದವನು ಕೊಡಲಿ ಬಿಟ್ಟು ಬರುವನು. ಬಾಗಿಲಲ್ಲಿ ನಿಂತು, ಅವ್ವನ ಎದೆ ಏರಿಳಿಯುವುದನ್ನು ನೋಡಿ ಹೋಗುವನು.

"ಏನು ನೋಡ್ತಿ?" ಎಂದು ಅವ್ವ ಒಮ್ಮೆ ಕೇಳಿದಳು.

"ಏನಿಲ್ಲ."

"ನನ್ನ ಮೂಗಿನ ಮೇಲೆ ಏನಾದರೂ ಕೂತಿದೆಯೇನು?"

ಕೊಟ್ರಯ್ಯ ತಲೆ ತಗ್ಗಿಸಿದ.

"ನಾನು ಚಿಕ್ಕವನಿದ್ದಾಗ ನಮ್ಮನೆಯಲ್ಲೂ ಹೇಂಟೆ ಕೂಗಿತ್ತು. ಅಪ್ಪ ಅವತ್ತೇ ಅದನ್ನ ಕೊಂದ. ಆದರೂ ಅದೇ ತಿಂಗಳು ನಮ್ಮವ್ವ ಹೋದಳು."

"ಮೊದಲು ಹೋದದ್ದು ಕೋಳಿಯೋ, ನಿಮ್ಮವ್ವನೋ?"

"ಕೋಳಿ."

"ಹಾಗಾದರೆ ಕೋಳಿಯ ಸಾವಿಗೆ ಯಾರು ಕೂಗಿದ್ದರು?"

ಕೊಟ್ರಯ್ಯ ಮತ್ತೆ ಸೌದೆ ಒಡೆಯಲು ಹೋದ. ಭಯ ಮಾತ್ರ ಹೋಗಲಿಲ್ಲ.

ಒಂದು ಸಂಜೆ ಅವ್ವ ಕೆಮ್ಮಿದಳು. ಸಣ್ಣ ಕೆಮ್ಮು, ಅಷ್ಟೆ. ಮರುದಿನ ಅವಳು ಸ್ನಾನಕ್ಕೆ ಇಳಿದಾಗ ಕೊಟ್ರಯ್ಯ ಕೆಂಚಿಯನ್ನು ಬುಟ್ಟಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಹರಿಗೋಲು ಹತ್ತಿದ. ಆಚೆ ದಡದ ಕುಂಬಾರರ ಹಂಪಮ್ಮನ ಕೈಗೆ ಕೆಂಚಿಯನ್ನು ಕೊಟ್ಟು ಬುಟ್ಟಿ ಬರಿದು ಮಾಡಿಕೊಂಡ.

"ಇಷ್ಟು ಮುದ್ದಾಗಿದೆ, ಯಾಕೆ ಕೊಡ್ತೀರಿ ಸ್ವಾಮೀ?"

"ಸಾಕಿಕೊಳ್ಳವ್ವ. ಕೊಯ್ಯಬೇಡ," ಎಂದವನೇ ಹಿಂತಿರುಗಿ ನೋಡದೆ ಬಂದ.

ಅವ್ವ ಅಂಗೈಯಲ್ಲಿ ನವಣೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು.

"ಕೆಂಚಿ ಎಲ್ಲೋ?"

"ನರಿ ಹೊತ್ತುಕೊಂಡು ಹೋಗಿರಬೇಕು ಅವ್ವಾ."

ಗುರುವಿಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಅವ್ವ ಕಾಳನ್ನು ನೋಡಿದಳು. ಮೆಲ್ಲಗೆ ಮುಷ್ಟಿ ಮುಚ್ಚಿದಳು. ಊಟಕ್ಕೆ ಕರೆದರೆ, "ಬೇಡಪ್ಪ, ಸೇರೋದಿಲ್ಲ," ಎಂದಳು.

ಮರುದಿನ ಬೆಳಗ್ಗೆ ಕೋಲೂರಿಕೊಂಡು ಬೇಲಿಯ ಉದ್ದಕ್ಕೂ ಹುಡುಕಿ ಬಂದಳು.

"ಒಂದು ಪುಕ್ಕವೂ ಬಿದ್ದಿಲ್ಲ. ಭಾಳ ಅಚ್ಚುಕಟ್ಟಾದ ನರಿ."

ಕೊಟ್ರಯ್ಯ ಅವಳ ಮುಖ ನೋಡಲಾರದೆ ಹೊಳೆಗೆ ಹೋದ.

ಈಗ ಬೆಳಗಿನ ಜಾವ ಯಾವ ಕೂಗೂ ಇಲ್ಲ. ಆದರೂ ಅದೇ ಹೊತ್ತಿಗೆ ಅವನಿಗೆ ಎಚ್ಚರವಾಗುತ್ತಿತ್ತು. ಕಿವಿಗೊಟ್ಟು ಕಾಯುವನು. ಏನೂ ಕೇಳದಿದ್ದರೆ ಮತ್ತಷ್ಟು ದಿಗಿಲು. ಮೊದಲು ಕೆಂಚಿ ಕೂಗಿದಾಗ ಅವ್ವನ ಉಸಿರು ನೋಡಲು ಓಡುತ್ತಿದ್ದ. ಈಗ ಹೊತ್ತುಗೊತ್ತಿಲ್ಲದೆ ಓಡುತ್ತಿದ್ದ. ಅವ್ವನ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು. ಅವಳ ಕೈ ಸುಮ್ಮನೆ ಖಾಲಿ ಮಡಿಲನ್ನು ಸವರುತ್ತಿತ್ತು.

ಕೊನೆಗೆ ಅವನು ಬಂದು ಅವಳ ಕಾಲ ಬಳಿ ಕುಸಿದ.

"ನರಿ ಅಲ್ಲ ಅವ್ವಾ. ನಾನು."

"ಬದುಕಿದೆಯಾ?"

"ಇದೆ. ಆಚೆ ದಡದಲ್ಲಿ, ಹಂಪಮ್ಮನ ಮನೇಲಿ."

ಅವ್ವ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

"ಈಗ ನಿನಗೆ ನಿದ್ದೆ ಬರ್ತದೇನು?"

"ಇಲ್ಲ."

"ಕೂಗೋದು ನಿಂತಿತಲ್ಲ?"

"ಹೊರಗೆ ನಿಂತಿತು ಅವ್ವಾ."

ಅವ್ವ ಬೈಯಲಿಲ್ಲ. ಮೂಲೆಯಲ್ಲಿದ್ದ ಬುಟ್ಟಿಯನ್ನು ಕೋಲಿನಿಂದ ಅವನ ಕಡೆ ಸರಿಸಿದಳು.

ಹಂಪಮ್ಮ ಅವನನ್ನು ಕಂಡದ್ದೇ ಬಾಗಿಲಿಗೆ ಬಂದಳು.

"ಕರಕೊಂಡು ಹೋಗಿ ಸ್ವಾಮೀ. ಒಂದು ಕಾಳು ಮುಟ್ಟಿಲ್ಲ. ಹೊಳೆ ಕಡೆ ಮುಖ ಮಾಡಿ ಕೂತುಬಿಟ್ಟಿದೆ."

ಹರಿಗೋಲು ನಡುಹೊಳೆಗೆ ಬಂದಾಗ ಬುಟ್ಟಿಯೊಳಗಿಂದ ಕೆಂಚಿ ಕೂಗಿತು. ಅಂಬಿಗನ ಕೈ ನಿಂತಿತು.

"ಹೇಂಟೆ ಅಲ್ವಾ ಅದು? ನೀರಿಗೆ ಬಿಸಾಡಿ ಸ್ವಾಮೀ!"

ಕೊಟ್ರಯ್ಯನಿಗೂ ಎದೆ ಝಲ್ಲೆಂದಿತು. ಆದರೂ ಬುಟ್ಟಿಯನ್ನು ಎರಡೂ ಕೈಯಿಂದ ಅವುಚಿಕೊಂಡ.

"ನೀನು ಹುಟ್ಟು ಹಾಕಪ್ಪ," ಎಂದ.

ಬುಟ್ಟಿಯಿಂದ ಬಿಟ್ಟದ್ದೇ ಕೆಂಚಿ ಓಡಿತು. ಅವ್ವನ ಅಂಗೈಯ ನವಣೆಯನ್ನೆಲ್ಲ ಕುಕ್ಕಿ ಮುಗಿಸಿ, ಮಡಿಲೇರಿ ಕೂತಿತು. ಅವ್ವ ಅದರ ಬೆನ್ನು ಸವರುತ್ತ ಏನೇನೋ ಪಿಸುಗುಟ್ಟಿದಳು.

ಕೊಟ್ರಯ್ಯ ದೂರ ನಿಂತು ನೋಡಿದ. ಆಮೇಲೆ ಹತ್ತಿರ ಬಂದು ಕೂತ. ಇಷ್ಟು ದಿನ ನಾಲಗೆಯ ಮೇಲೆ ಬಂದೂ ಆಡದೆ ಉಳಿದಿದ್ದ ಮಾತು ಆಡಿದ.

"ಅವ್ವಾ, ನೀನು ಸತ್ತುಹೋಗ್ತೀಯಾ?"

ಅವನಿಗೇ ತಿಳಿಯದೆ 'ನೀವು' ಹೋಗಿ 'ನೀನು' ಬಂದಿತ್ತು.

"ಹೋಗ್ತೀನಿ ಮಗಾ. ಇದು ಕೂಗಿದರೂ ಹೋಗ್ತೀನಿ, ಸುಮ್ಮನಿದ್ದರೂ ಹೋಗ್ತೀನಿ."

ಕೊಟ್ರಯ್ಯ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅವ್ವ ತಡೆಯಲಿಲ್ಲ. ಅಳು ತಾನಾಗಿ ಇಳಿದ ಮೇಲೆ ಅವನು ಮೂಗು ಒರೆಸಿಕೊಂಡು ಕೇಳಿದ:

"ಹಾಗಾದರೆ ನಾನೇನು ಮಾಡಲಿ?"

ಅವ್ವ ಒಳಗೆ ತಣ್ಣಗೆ ಬಿದ್ದಿದ್ದ ಒಲೆಯ ಕಡೆ ನೋಡಿದಳು.

"ಹೋಗಿ ಒಲೆ ಹಚ್ಚು. ಇವತ್ತು ಬದುಕಿದ್ದೀನಿ, ಹೊಟ್ಟೆ ಹಸಿದಿದೆ."