ಗೋಕರ್ಣದ ಕಡಲದಾರಿ ತೆರೆದದ್ದು

ಅಲೆಗೋಡಿನ ಊರೂರಲ್ಲೂ ಡಂಗುರ ಬಿತ್ತು: "ಕೇಳ್ರಪ್ಪೋ ಕೇಳಿ! ದಂಡೆಯ ಮೇಲೆ ಗೋಕರ್ಣಕ್ಕೆ ನಡೆಯುವ ಹಾದಿ ಮುಚ್ಚಿ ವರ್ಷಗಳೇ ಆದವು. ಯಾತ್ರಿಕರನ್ನು ಕರೆದೊಯ್ಯಬಲ್ಲವನು ಬಂದು ರಾಣಿ ಪದ್ಮಲದೇವಿಯವರ ಮೂರು ಒಗಟು ಬಿಡಿಸಲಿ. ಬಿಡಿಸಿದವನಿಗೆ ಹಾದಿಯ ಒಡೆತನ, ತಪ್ಪಿದವನಿಗೆ ತಲೆದಂಡ!"

ರಾಣಿಯ ಮನಸ್ಸು ಸುಮ್ಮನೆ ಕಲ್ಲಾಗಿರಲಿಲ್ಲ. ದಾರಿ ಬಲ್ಲೆನೆಂದು ಸುಳ್ಳು ಹೇಳಿದವನನ್ನು ನಂಬಿ ಶಿವರಾತ್ರಿಗೆ ಹೊರಟ ರಾಜ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕೊಚ್ಚಿಹೋಗಿದ್ದ. ಅಂದೇ ಅವಳು ಹಾದಿ ಮುಚ್ಚಿಸಿದ್ದಳು.

ಚಿಪ್ಪಿ ಆರಿಸಿ ಬದುಕುವ ಸುಕ್ರು ಹುಟ್ಟಿದ್ದೇ ಆ ಹಾದಿಯಲ್ಲಿ. ಯಾತ್ರೆಗೆ ಹೊರಟಿದ್ದ ತಾಯಿ ಅವನನ್ನು ಹೆತ್ತು ಕಣ್ಣು ಮುಚ್ಚಿದ್ದಳು. ಸಾಕಿದ ನಾಗಜ್ಜಿ, "ಬ್ಯಾಡ ಮಗಾ, ಇರೋದೊಂದೇ ತಲೆ" ಎಂದು ಅತ್ತಳು. ಅವನು ಅವಳ ಕಾಲು ಮುಟ್ಟಿ ಹೊರಟ.

ಆಸ್ಥಾನದಲ್ಲಿ ಅವನಿಗಿಂತ ಮೊದಲು ಒಬ್ಬ ಸರದಾರ ನಿಂತಿದ್ದ. ರಾಣಿ ಕೇಳಿದಳು: "ನಡೆಯುವವನ ಹಿಂದೆ ಹುಟ್ಟುತ್ತದೆ, ತೆರೆ ನೆಕ್ಕಿದರೆ ಸಾಯುತ್ತದೆ. ಏನದು?"

"ನೆರಳು!"

"ನೆರಳನ್ನು ತೆರೆ ಅಳಿಸೀತೇ? ಸೆರೆಗೆ ತಳ್ಳಿ, ಸಭೆ ಮುಗಿದ ಮೇಲೆ ತಲೆದಂಡ."

ಬಳಿಕ ಬಂದ ಹಡಗಿನ ವ್ಯಾಪಾರಿ, "ಹೆಜ್ಜೆಗುರುತು" ಎಂದ. ಸಭೆ ಹೌದೆಂದು ತಲೆದೂಗಿತು. ರಾಣಿ ಎರಡನೆಯದನ್ನು ಕೇಳಿದಳು: "ಹಗಲಿರುಳು ಸೇರಿ ಎರಡು ಸಲ ತೆರೆಯುವ ಬಾಗಿಲು. ಕದವಿಲ್ಲ, ಕಾವಲಿಲ್ಲ, ಹೊತ್ತು ತಪ್ಪಿ ಹೊಕ್ಕವನಿಗೆ ಉಳಿವಿಲ್ಲ."

"ಎರಡು ಹೊತ್ತು ಉಣ್ಣುವ ಬಾಯಿ" ಎಂದ ವ್ಯಾಪಾರಿ. ಅವನೂ ಸೆರೆ ಸೇರಿದ.

ಸುಕ್ರು ಮುಂದೆ ಬಂದು ಕೈಮುಗಿದ. "ಒಡತಿ, ಮೊದಲನೇದು ಹೆಜ್ಜೆ. ಎರಡನೇದು ಅಳಿವೆ. ನೀರು ಇಳಿದಾಗ ದಾರಿ ಕೊಡ್ತದೆ, ಏರಿದಾಗ ಮುಚ್ತದೆ."

ರಾಣಿ ಹೌದೆಂದು ತಲೆದೂಗಿ ಕೇಳಿದಳು: "ಮೂರನೆಯದು. ಹಾದಿಯಲ್ಲಿ ಸಿಕ್ಕಿದ್ದು. ಕೊಟ್ಟವರು ಮರೆಯುತ್ತಾರೆ; ಪಡೆದವನು ಕೊನೆತನಕ ಹೊರುತ್ತಾನೆ, ಆದರೂ ಬೆನ್ನು ಬಾಗದು."

ಸುಕ್ರುವಿಗೆ ಏನೂ ಹೊಳೆಯಲಿಲ್ಲ. ಕತ್ತಿ ಹಿಡಿದವನು ಹತ್ತಿರ ಬಂದ. ಜೀವ ಹೋಗುವ ಹೊತ್ತು ಬಂತೆಂದು, ಹಸುಗೂಸಾಗಿದ್ದಾಗ ಅದನ್ನು ಉಳಿಸಿದವರನ್ನು ಅವನು ಮನಸ್ಸಿನಲ್ಲೇ ನೆನೆದ. ನೆನೆಯುತ್ತಲೇ ಮುಖವೆತ್ತಿದ.

"ನನಗೆ ಹಾಲು ಕುಡಿಸಿದ ತಾಯಂದಿರು ಯಾರ್ಯಾರೋ, ಒಡತಿ. ಘಟ್ಟದಿಂದ ಈ ಹಾದೀಲಿ ಯಾತ್ರೆಗೆ ಬಂದೋರು, ಒಂದು ಹೊತ್ತು ಎದೆಗೊತ್ತಿಕೊಂಡು ಮುಂದೆ ಹೋದೋರು. ಅವರಿಗೆ ನನ್ನ ನೆನಪು ಇರಲಿಕ್ಕಿಲ್ಲ. ನಾನು ಹೊತ್ತೇ ಇದ್ದೇನೆ, ಭಾರ ಅನಿಸಲಿಲ್ಲ. ಅದು ಉಪಕಾರ."

ರಾಣಿ ಸಿಂಹಾಸನ ಬಿಟ್ಟು ಎದ್ದಳು. "ಹಾದಿ ನಿನ್ನದು. ಇನ್ನೇನು ಬೇಕು, ಕೇಳು."

"ಆ ಇಬ್ಬರನ್ನೂ ಬಿಡಿ. ಮತ್ತೆ... ಮೊದಲ ಯಾತ್ರೆಗೆ ನೀವೇ ಬನ್ನಿ, ಅಮ್ಮಾ."

ಶಿವರಾತ್ರಿಗೆ ರಾಣಿ ಬರಿಗಾಲಲ್ಲಿ ಹೊರಟಳು. ಅಳಿವೆ ಕಂಡೊಡನೆ ಅವಳು ನಿಂತುಬಿಟ್ಟಳು. "ಕೂತ್ಕಳಿ, ಇಳೀಲಿ" ಎಂದು ಸುಕ್ರು ಒದ್ದೆ ಮರಳಲ್ಲೇ ಪಕ್ಕ ಕೂತ. ಗಂಡ ಹೋದ ನೀರನ್ನು ನೋಡುತ್ತ ಅವಳು ಮನಸಾರೆ ಅತ್ತಳು. ನೀರು ಮೊಣಕಾಲಿಗೆ ಇಳಿದಾಗ ಅವನ ಕೈ ಹಿಡಿದು ದಾಟಿದಳು. ಆಚೆ ದಡದಲ್ಲಿ ತಿರುಗಿ ನಿಂತು, ಅದೇ ನೀರಿಗೆ ಕೈಮುಗಿದಳು.

ಅವಳ ಹಿಂದೆ ನಾಗಜ್ಜಿ ದಾಟಿದಳು, ಸರದಾರ ದಾಟಿದ, ವ್ಯಾಪಾರಿ ದಾಟಿದ, ಊರಿಗೆ ಊರೇ ದಾಟಿತು. ಇಂದಿಗೂ ಆ ದಂಡೆಯಲ್ಲಿ ನಡೆಯುವವರು ಅಳಿವೆಯ ಮುಂದೆ ಕೂತು ಇಳಿತಕ್ಕೆ ಕಾಯುತ್ತಾರಂತೆ. ದಾಟಿದ ಮೇಲೆ ತಿರುಗಿ ಕೈಮುಗಿಯದೆ ಒಬ್ಬರೂ ಮುಂದೆ ಹೋಗುವುದಿಲ್ಲವಂತೆ.