ವನಗೌರಿಯ ಮುಡಿಪು ಬಿಚ್ಚಿದ ಕಥೆ

ಕಾಡು ತಾನಾಗಿ ಬೆಳೆಯುತ್ತದೆ, ಅದಕ್ಕೆ ಯಾರೂ ಏನೂ ಕೊಡಬೇಕಾಗಿಲ್ಲ ಎಂದು ಹಿರಿಯರು ಹೇಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಾವೆಲ್ಲರೂ ಕೇಳಿದ್ದೇವೆ. ಹಾಗಾದರೆ ಬೇಸಗೆಗೆ ಮುನ್ನ ಒಣ ತರಗನ್ನು ಗುಡಿಸಿ, ಕಾಳ್ಗಿಚ್ಚು ದಾಟದಂತೆ ಬೆಟ್ಟದುದ್ದಕ್ಕೂ ಬೆಂಕಿಗೆರೆ ತೆಗೆಯುವವರು ಯಾರು? ಅವರ ಒಲೆ ಹೊತ್ತುವುದು ಯಾವುದರಿಂದ? ಇದನ್ನು ವಿಚಾರಿಸದೆ ಕೆಟ್ಟ ರಾಣಿಯ ಕಥೆಯನ್ನು ಅಕ್ಷತೆ ಹಿಡಿದು, ವನಗೌರಿಯನ್ನು ನೆನೆದು ಕೇಳುವುದು.

ಪೂರ್ವಕಾಲದಲ್ಲಿ ಶೃಂಗಾವತಿ ಎಂಬ ಪಟ್ಟಣದಲ್ಲಿ ಕನಕಮಾಲಿನಿ ಎಂಬ ರಾಣಿಯಿದ್ದಳು. ಅವಳು ಮಕ್ಕಳಿಲ್ಲದೆ ಕೊರಗಿ, ಬೆಟ್ಟದ ವನಗೌರಿಯ ಗುಡಿಗೆ ಹೋಗಿ, ಮಗುವಾದರೆ ಹುಣ್ಣಿಮೆ ಹುಣ್ಣಿಮೆಗೂ ನಿನ್ನ ಕಾಡಿನ ಪಾಲನೆಗೆ ಹೊನ್ನು ಮುಡಿಪು ಕಟ್ಟುವೆನೆಂದು ಹರಸಿಕೊಂಡಳು. ದೇವಿಯ ದಯದಿಂದ ಹೆಣ್ಣುಮಗು ಹುಟ್ಟಲು, ರಾಣಿಯು ಹರ್ಷಗೊಂಡು ಹಳದಿ ಬಟ್ಟೆಯಲ್ಲಿ ಹೊನ್ನು ಕಟ್ಟಿದಳು. ಇದು ದೇವಿಯ ಕಾಡು, ಇಲ್ಲಿಯ ಜೇನು, ನೆಲ್ಲಿ, ಸೀಗೆಗಳನ್ನು ಯಾರೂ ಮುಟ್ಟಕೂಡದೆಂದು ಆಜ್ಞೆಯನ್ನೂ ಮಾಡಿದಳು. ಅವನ್ನೇ ನಂಬಿ ಕಾಡಂಚಿನ ಹಾಡಿಯಲ್ಲಿ ಬಾಳುತ್ತಾ ಬೆಂಕಿಗೆರೆ ತೆಗೆಯುತ್ತಿದ್ದ ಬೊಮ್ಮನಿಗೂ ಅವನ ಹೆಂಡತಿ ಕೇತಿಗೂ, ಇನ್ನು ನಿಮ್ಮ ಜನರ ಅನ್ನ ಮುಡಿಪಿನಿಂದಲೇ ಬರುವುದೆಂದು ಮಾತು ಕೊಟ್ಟಳು.

ಅವರು ನಂಬಿ, ಗೆರೆ ತೆಗೆದು, ಕೂಲಿ ಕೇಳಲು ಅರಮನೆಗೆ ಬಂದರು. ಮುಡಿಪು ದೇವರದು, ಮುಹೂರ್ತವಿಲ್ಲದೆ ಬಿಚ್ಚಲಾಗದೆಂದರು ಭಂಡಾರದವರು. ಮುಹೂರ್ತಕ್ಕೆ ಮಂಟಪ ಬೇಕೆಂದರು ಜೋಯಿಸರು. ಮಂಟಪವಾಯಿತು. ಬೆಳ್ಳಿಯ ಪೆಟ್ಟಿಗೆ ಬೇಕಾಯಿತು, ಪೆಟ್ಟಿಗೆಗೆ ಕಾವಲು ಬೇಕಾಯಿತು. ಪೆಟ್ಟಿಗೆ ಕಾಯುವವರಿಗೆ ಸಂಬಳ ಬಂತು, ಕಾಡು ಕಾಯುವವರಿಗೆ ಬರಲಿಲ್ಲ. ಕೇಳುವವರೇ, ಇದಕ್ಕೆ ಏನೆನ್ನಬೇಕು! ರಾಣಿಯೋ ಮುಡಿಪಿನ ಗಂಟಿಗೆ ನಿತ್ಯವೂ ಅರಿಸಿನ ಕುಂಕುಮವೇರಿಸಿ, ಆರತಿಯೆತ್ತಿ, ಬಂದ ಕೇತಿಗೆ ತೀರ್ಥ ಕೊಟ್ಟು ಕಳುಹಿಸುವಳು.

ಒಂದು ದಿನ ಕೇತಿಯು ತಾಳಲಾರದೆ, “ತಾಯಿ, ನಿಮ್ಮ ತೀರ್ಥ ಕುಡಿದೂ ಕುಡಿದೂ ನನ್ನ ಹೊಟ್ಟೆ ಕೊಳ ಆಗೈತೆ. ಇನ್ನು ಮೀನು ಬಿಡೋದೊಂದೇ ಬಾಕಿ” ಎಂದಳು. ರಾಣಿಯು ಕೆರಳಿ, ಮುಡಿಪನ್ನು ಕಂಡರೇ ಪುಣ್ಯ, ಕಂಡುಕೊಂಡು ಹೋಗೆಂದಳು. “ಪುಣ್ಯನ ಎಸರಿಗೆ ಹಾಕೋಕಾಯ್ತದಾ?” ಎಂದು ಜೊತೆಗೆ ಬಂದಿದ್ದ ಬೊಮ್ಮನು ಹೆಂಡತಿಯನ್ನೂ ಹಾಡಿಯ ಜನರನ್ನೂ ಕರೆದುಕೊಂಡು, ಪರಸೀಮೆಯ ಕಲ್ಲುಗಣಿಯ ಕೂಲಿಗೆ ಹೊರಟುಹೋದನು.

ಆ ವರ್ಷ ಗೆರೆ ತೆಗೆಯುವವರಿಲ್ಲದೆ ಕಾಳ್ಗಿಚ್ಚು ಹತ್ತಿ, ಬೆಟ್ಟ ಬೂದಿಯಾಗಿ, ಹೊಗೆಯು ಪಟ್ಟಣವನ್ನು ಕವಿದು, ರಾಜಕುಮಾರಿಗೆ ಉಸಿರು ಕಟ್ಟತೊಡಗಿತು. ಕಾಡಿನ ಜೇನಿಲ್ಲದೆ ಮದ್ದು ಅರೆಯಲಾಗದೆಂದು ವೈದ್ಯರು ಕೈಚೆಲ್ಲಿದರು. ಆಗಲೂ ರಾಣಿಯು ಮಾಡಿದ್ದೇನು? ಗಂಟಿಗೆ ಇನ್ನೊಂದು ಆರತಿ! ಆ ಕ್ಷಣ ಅಶರೀರವಾಣಿಯಾಯಿತು: “ನೀನು ಕೊಡುವೆನೆಂದದ್ದು ಕಾಡಿಗೆ, ಪೂಜಿಸುತ್ತಿರುವುದು ಬಟ್ಟೆಯನ್ನು. ನನಗೂ ಸಾಕಾಗಿಹೋಗಿದೆ, ಕನಕಮಾಲಿನಿ.”

ರಾಣಿಯು ಆರತಿಯನ್ನು ಕೆಳಗಿಟ್ಟು, ಕಂಕುಳಲ್ಲಿ ಮಗುವನ್ನೂ ತಲೆಯ ಮೇಲೆ ಮುಡಿಪನ್ನೂ ಹೊತ್ತು, ಬರಿಗಾಲಿನಲ್ಲಿ ಕಲ್ಲುಗಣಿಗೆ ನಡೆದು, ಕೇತಿಯ ಮುಂದೆ ನಿಂತಳು. ಗಂಟು ಬಿಚ್ಚಹೋದರೆ ಅರಿಸಿನ ಕುಂಕುಮದಿಂದ ಕಲ್ಲಾಗಿದೆ. ಕೇತಿಯು ಕುಡುಗೋಲು ಚಾಚಿದಳು. ಹಿಂದೆ ಓಡಿಬಂದ ಜೋಯಿಸರು ಅಪಚಾರ, ಅಪಚಾರವೆಂದು ಕೂಗುತ್ತಿರಲು, ರಾಣಿಯು ಗಂಟನ್ನು ತಾನೇ ಕೊಯ್ದಳು. ಬಾಕಿಯ ಕೂಲಿಯನ್ನು ಮೊದಲು ಹಂಚಿ, ಬರುವ ಗೆರೆಯ ಕೆಲಸಕ್ಕೆ ಹೊನ್ನು ಎತ್ತಿಟ್ಟು, ಜೇನು ನೆಲ್ಲಿಗಳ ಹಕ್ಕನ್ನು ಹಾಡಿಗೆ ಮರಳಿಸಿದಳು.

ಬೊಮ್ಮನು ಬೆಟ್ಟಕ್ಕೆ ಮರಳಿ, ಬೆಂಕಿ ತಾಕದ ಕಡಿದಾದ ಬಂಡೆಯನ್ನೇರಿ, ಜೇನುಹುಳುಗಳಿಗೆ ಅರ್ಧ ಹುಟ್ಟು ಉಳಿಸಿ ಜೇನು ತಂದನು. ಮದ್ದು ನೆಕ್ಕಿದ ಮಗು ಉಸಿರೆಳೆದು ಅಳಲು, ರಾಣಿಯೂ ಅತ್ತಳು. ಹಾಡಿಯ ಜನ ಮರಳಿದರು. ಸುಟ್ಟ ಬೊಡ್ಡೆಗಳು ಮಳೆಗೆ ಚಿಗುರಿದವು. ವರ್ಷವರ್ಷವೂ ಮುಡಿಪು ಬಿಚ್ಚಿ, ಗೆರೆ ತೆಗೆದು, ಕಾಡೂ ಹಾಡಿಯೂ ಪಟ್ಟಣವೂ ಬಾಳಿದವು.

ಈ ಕಥೆಯನ್ನು ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ಮನೆಯ ಮಕ್ಕಳ ಉಸಿರು ತಂಪಾಗಿರಲೆಂದು ವನಗೌರಿಯ ವರವಿದೆ. ಆದರೆ ಅಕ್ಷತೆ ಹಾಕುವ ಮೊದಲು ಮನೆಯ ಹಿರಿಯರು ಎಲ್ಲರಿಗೂ ಕೇಳುವಂತೆ ಹೀಗೆ ಹೇಳತಕ್ಕದ್ದು:

ಈ ಮನೆಯ ಮುಡಿಪನ್ನು ಈಗಲೇ ಬಿಚ್ಚುತ್ತೇವೆ. ನಾಳೆ ಬೆಳಿಗ್ಗೆ ಬೆಂಕಿಗೆರೆ ತೆಗೆಯುವವರ ಹಾಡಿಗೆ ಹೋಗಿ ಅವರ ಕೈಗೇ ಕೊಡುತ್ತೇವೆ. ಕೊಟ್ಟು ಬಂದ ಮೇಲೆಯೇ ಮಂಗಳಾರತಿ.