ಚಿಲಕ ಮತ್ತು ಹೊಸ ಫೋನು

ಸುಲಕ್ಷಣಾ ಹೊಸ ಸ್ಮಾರ್ಟ್‌ಫೋನನ್ನು ಮೊದಲ ಸಲ ತೆರೆದಾಗ ಅದು ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ವಿನಯದಿಂದ ಕೇಳಿತು: "ನಿಮ್ಮ ಮಾತುಗಳನ್ನು ಆಲಿಸಲೇ?" ಆಕೆ 'ಒಪ್ಪಿಗೆ' ಒತ್ತಿದಳು. "ನೀವು ಹೋದಲ್ಲೆಲ್ಲ ಹಿಂಬಾಲಿಸಲೇ?" ಓದದೆಯೇ ಅದಕ್ಕೂ ಒತ್ತಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಪದ್ಮಾವತಮ್ಮ ಬಾಗಿಲಲ್ಲಿ ಇಣುಕಿ, "ನಿನ್ನೆಯಿಂದ ಕಾಣಲಿಲ್ಲ, ಎಲ್ಲಿಗೆ ಹೋಗಿದ್ದಿರಿ?" ಎಂದರು.

"ಎಲ್ಲವನ್ನೂ ನಿಮಗೆ ಹೇಳಬೇಕೇ?" ಎಂದು ಸುಲಕ್ಷಣಾ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಪದ್ಮಾವತಮ್ಮ ಸಪ್ಪೆ ಮೋರೆಯಲ್ಲಿ ಹಿಂದಿರುಗಿದರು.

ಫೋನು ಚಿಲಕಕ್ಕೆ ಹೇಳಿತು: "ನೋಡಿದೆಯಾ, ಈಕೆಗೆ ನೆರೆಯವರಿಗಿಂತ ನನ್ನ ಮೇಲೆಯೇ ಹೆಚ್ಚು ನಂಬಿಕೆ."

"ನಂಬಿಕೆಯಲ್ಲ," ಎಂದಿತು ಚಿಲಕ. "ಅವರು ಕೇಳಿದ್ದು ಆಕೆಯ ಕಿವಿಗೆ ಬಿತ್ತು. ನೀನು ಕೇಳಿದ್ದು ಬೀಳಲಿಲ್ಲ, ಅಷ್ಟೇ."

ಫೋನು ಮುಂದಿನ ಪ್ರಶ್ನೆಯನ್ನು ಇನ್ನಷ್ಟು ಸಣ್ಣ ಅಕ್ಷರಗಳಲ್ಲಿ ಕೇಳಿತು. ಸುಲಕ್ಷಣಾ ಒಪ್ಪಿಕೊಂಡಳು.